ಹಿಂದಿನ ಕೆಂಪು ದೀಪ

ನಮ್ಮ ಮನೆಯ ಸ್ಕೂಟರನ್ನು ರೆಸಾರ್ಟಿನ ಹುಲ್ಲಿನ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಹೂಕುಂಡ ಇಟ್ಟು, ಪಕ್ಕದಲ್ಲಿ ಒಂದು ಬೋರ್ಡು ನೆಡುವುದಕ್ಕೆ ಮಾತು ಕೊಟ್ಟು ಬಂದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಮ್ಮ ಸಿದ್ದೇಶ. ಬೋರ್ಡಿನಲ್ಲಿ ಏನು ಬರೆಯುತ್ತಾರೆ ಎಂದು ಕೇಳಿದೆ. ಆನೆ ಅಟ್ಟಿದ ಸ್ಕೂಟರ್ ಅಂತ ಮೂರು ಭಾಷೆಯಲ್ಲಿ ಬರೆದು, ಕೆಳಗೆ ಕಥೆ ಹಾಕುತ್ತಾರೆ ಎಂದ. ಯಾವ ಕಥೆ ಎಂದೆ. ಎಲ್ಲರಿಗೂ ಗೊತ್ತಿರುವುದೇ ಎಂದು ನೆಲ ನೋಡಿದ.

ಎಲ್ಲರಿಗೂ ಗೊತ್ತಿರುವ ಕಥೆ ಇದು. ಮೂವತ್ಮೂರು ವರ್ಷದ ಹಿಂದೆ ಒಂದು ಮಂಜಿನ ಬೆಳಿಗ್ಗೆ ನಮ್ಮಪ್ಪ ಶಿವಮಲ್ಲಪ್ಪ ತನ್ನ ಗೆಳೆಯ ಅಚ್ಯುತನ್‌ನನ್ನು ಹಿಂದೆ ಕೂರಿಸಿಕೊಂಡು, ಮೆಣಸಿನ ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡು, ಮಲಯಾಳದ ಗಡಿಯ ನಮ್ಮೂರು ಬಾವಲಿಯಿಂದ ಮಾನಂತವಾಡಿ ಪೇಟೆಗೆ ಹೊರಟಿದ್ದ. ಕಾಡಿನ ನಡುವೆ ಇಳಿಜಾರಿನಲ್ಲಿ ಎದುರಿಗೆ ಆನೆ. ಅಪ್ಪ ಹೆದರಿ ಕ್ಲಚ್ ಬಿಟ್ಟ, ಎಂಜಿನ್ ನಿಂತಿತು. ಅಚ್ಯುತನ್ ಇಳಿದು ಓಡಿದ. ಆನೆ ಓಡಿದವನನ್ನು ಹಿಡಿಯಿತು, ಕೂತವನು ಚರಂಡಿಗೆ ಬಿದ್ದು ಉಳಿದ. ಅಂದಿನಿಂದ ಅಪ್ಪನಿಗೆ ಕ್ಲಚ್ ಮಲ್ಲಪ್ಪ ಎಂದು ಹೆಸರು. ಸಿದ್ದೇಶ ಇಸ್ಕೂಲಿನಲ್ಲಿ ಕ್ಲಚ್ಚಿನ ಮಗ. ನನಗೂ ಅಂದರು, ಆದರೆ ನನಗೆ ಅಂದವರು ಎರಡನೇ ಸಲ ಅನ್ನಲಿಲ್ಲ. ನನ್ನ ಕೈ ಸ್ವಲ್ಪ ಮುಂದು.

ಈಗ ಆ ಕಥೆಯನ್ನು ಬೋರ್ಡಿನಲ್ಲಿ ಬರೆದು, ಊರೂರಿಂದ ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು. ನಮ್ಮಪ್ಪ ಇನ್ನೂ ಬದುಕಿದ್ದಾನೆ. ಎಪ್ಪತ್ತಾರು ವರ್ಷ, ಕಣ್ಣು ಕಿವಿ ಎರಡೂ ಚುರುಕು, ಮೂರು ಭಾಷೆಯನ್ನೂ ಓದಬಲ್ಲ.

ನಾನು ಲತಾಮಣಿ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಬಾವಿಯ ಪಂಪು, ಮಿಕ್ಸಿ, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಮೋಟಾರು, ಯಾವುದು ಸುಟ್ಟರೂ ಬಾವಲಿಯಿಂದ ಪಯ್ಯಂಪಳ್ಳಿಯವರೆಗೆ ನನಗೇ ಫೋನು ಬರುತ್ತದೆ. ಮದುವೆ ಆಗಿತ್ತು, ಮುಗಿಯಿತು, ಆ ಕಥೆ ಇಲ್ಲಿ ಬೇಡ. ಹದಿನೈದು ವರ್ಷದಿಂದ ಇದೇ ಸ್ಕೂಟರಿನಲ್ಲಿ ಓಡಾಡುತ್ತೇನೆ. ಕೈಯಲ್ಲಿ ಗೇರು ತಿರುಗಿಸುವ, ಎಡಕ್ಕೆ ಸ್ವಲ್ಪ ವಾಲಿ ನಿಲ್ಲುವ, ನನಗಿಂತ ಹಳೆಯ ಗಾಡಿ. ಆನೆಯ ಘಟನೆ ಆದ ಮೇಲೆ ಅಪ್ಪ ಅದನ್ನು ಮುಟ್ಟಿರಲಿಲ್ಲ. ನಾನು ಕೇಳಿದಾಗ ಒಂದೇ ಷರತ್ತು ಹಾಕಿ ಕೊಟ್ಟ: ಹಿಂದಿನ ಕೆಂಪು ದೀಪ ಎಂದೂ ಉರಿಯಬಾರದು, ಅದನ್ನು ಬಿಚ್ಚಲೂ ಬಾರದು.

ಕೆಂಪು ಬೆಳಕು ಕಂಡರೆ ಆನೆ ಅಟ್ಟಿಸಿಕೊಂಡು ಬರುತ್ತದೆ ಎಂಬುದು ಅಪ್ಪನ ನಂಬಿಕೆ. ಅಪ್ಪ ಎಲ್ಲರಿಗೂ ಹೇಳಿ ಹೇಳಿ, ಬಾವಲಿ ಕಡೆ ಈಗಲೂ ಹತ್ತಾರು ಗಾಡಿಗಳ ಹಿಂದೀಪ ಉರಿಯುವುದಿಲ್ಲ. ಕ್ಲಚ್ ಮಲ್ಲಪ್ಪ ಎಂದು ನಗುವವರೇ ಅವನ ಮಾತು ನಂಬಿ ಬಲ್ಬು ಕಿತ್ತಿದ್ದಾರೆ. ನಮ್ಮ ಜನರ ರೀತಿಯೇ ಹೀಗೆ.

ಗಾಡಿಯ ಕಾಗದ ಮುಗಿದು ಎಷ್ಟೋ ವರ್ಷವಾಗಿತ್ತು. ಒಳದಾರಿಯಲ್ಲೇ ಓಡಿಸಿ ಕಾಲ ಕಳೆದೆ. ಈಗ ದಾರಿಯುದ್ದಕ್ಕೂ ಕ್ಯಾಮೆರಾ ಬಂದು ಆಟ ಮುಗಿಯಿತು. ರಿಜಿಸ್ಟ್ರೇಷನ್ ಹೊಸದು ಮಾಡಿಸಬೇಕು, ಅದಕ್ಕೆ ಗಾಡಿಯನ್ನು ಆರ್‌ಟಿಓ ಗ್ರೌಂಡಿಗೆ ಒಯ್ದು ತೋರಿಸಬೇಕು, ದೀಪಗಳೆಲ್ಲ ಉರಿಯಬೇಕು. ಸಿದ್ದೇಶ ಇದನ್ನೇ ಹಿಡಿದುಕೊಂಡ. ಗುರುವಾರದ ಪರೀಕ್ಷೆಯಲ್ಲಿ ಪಾಸಾದರೆ ನೀನೇ ಇಟ್ಟುಕೋ, ಫೇಲಾದರೆ ಶುಕ್ರವಾರ ರೆಸಾರ್ಟಿನ ಜೀಪು ಬಂದು ಒಯ್ಯುತ್ತದೆ ಎಂದ. ಅವನಿಗೆ ದುಡ್ಡಿನ ಆಸೆಯಿಲ್ಲ, ಅದು ನನಗೂ ಗೊತ್ತು. ಬತ್ತೇರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯ ಕೆಲಸ ಇದೆ. ಆ ಗಾಡಿ ಕಣ್ಣೆದುರು ಇರಬಾರದು, ಅಷ್ಟೇ. ಬೋರ್ಡಿನ ವಿಷಯ ಕೇಳಿದರೆ, ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದರು, ಇನ್ನು ಬರೆದು ಹೇಳುತ್ತಾರೆ, ಏನು ವ್ಯತ್ಯಾಸ ಎಂದ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎಲೆಯಡಿಕೆ ಡಬ್ಬಿಯ ಮುಚ್ಚಳ ಹಾಕುತ್ತ, ಕೊಟ್ಟುಬಿಡಿ ಎಂದ. ಸಿದ್ದೇಶನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ ಬಂತು. ಮನುಷ್ಯ ಒಮ್ಮೆಯಾದರೂ ತಿರುಗಿ ಬೀಳಬಾರದೇ? ಕೊಡುವುದಿಲ್ಲ ಎಂದು ಇಬ್ಬರಿಗೂ ಕೇಳುವಂತೆ ಹೇಳಿ ಗಾಡಿಯನ್ನು ಕಾಟಿಕುಳಕ್ಕೆ ಓಡಿಸಿಕೊಂಡು ಹೋದೆ.

ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಪರೀಕ್ಷೆಗೆ ಹೋಗುವ ಗಾಡಿ ಚಂದ ಕಾಣಲಿ ಎಂದು ಕಾಟಿಕುಳದ ಶಿಜುವಿನ ವರ್ಕ್‌ಶಾಪಿನಲ್ಲಿ ಬಣ್ಣ ಹೊಡೆಸಿದೆ. ಶಿಜು ಬಣ್ಣದಲ್ಲಿ ಜಿಪುಣತನ ಮಾಡುವವನಲ್ಲ. ದೀಪ ಬಿಚ್ಚಿ, ದೀಪ ಕೂರುವ ಜಾಗಕ್ಕೂ ಹೊಡೆದ, ಸ್ಕ್ರೂ ಹೋಗುವ ತೂತಿಗೂ ಹೊಡೆದ. ಹಿಂದೀಪವನ್ನು ಮಾತ್ರ ಬಿಚ್ಚಬೇಡ ಎಂದಿದ್ದೆ, ಅದರ ಸುತ್ತ ಹೊಡೆದ. ಸೋಮವಾರ ಮನೆಗೆ ತಂದು ಸ್ಟಾರ್ಟ್ ಮಾಡಿದರೆ ಹೆಡ್‌ಲೈಟ್ ಇಲ್ಲ, ಮೀಟರಿನ ಬೆಳಕಿಲ್ಲ, ಹಾರ್ನ್ ಕೂಡ ಇಲ್ಲ. ಫೋನು ಮಾಡಿದೆ. ಅವನಿಗೆ ನಾನು ಚೇಚಿ, ಅಂದರೆ ಅಕ್ಕ. ವೈರಿಂಗ್ ಪೂರ್ತಿ ಕೊಳೆತಿದೆ ಚೇಚಿ, ಹೊಸ ಗಾಡಿ ತೆಗೆದುಕೊಳ್ಳಿ, ಇದು ರೆಸಾರ್ಟಿಗೇ ಸರಿ ಎಂದ. ಅವನಿಗೂ ಸುದ್ದಿ ಮುಟ್ಟಿತ್ತು.

ಕೊಳೆತದ್ದು ಅವನ ತಲೆ. ಈ ಗಾಡಿಯಲ್ಲಿ ಬ್ಯಾಟರಿ ಇಲ್ಲ. ಎಂಜಿನ್ ತಿರುಗಿದಾಗ ಒಳಗಿನ ಕಾಯಿಲಿನಲ್ಲಿ ಕರೆಂಟ್ ಹುಟ್ಟುತ್ತದೆ. ಅದು ತಂತಿಯಲ್ಲಿ ಬಲ್ಬಿಗೆ ಹೋಗುತ್ತದೆ, ವಾಪಸು ಬರುವುದು ಗಾಡಿಯ ಮೈಯಿಂದಲೇ. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಬರುತ್ತದೆ. ನಡುವೆ ಬಣ್ಣ ಬಂದು ಕೂತರೆ ಹೋದ ಕರೆಂಟಿಗೆ ವಾಪಸು ದಾರಿಯಿಲ್ಲ. ಮಂಗಳವಾರ ಬೆಳಿಗ್ಗೆ ಚಾಕು ಹಿಡಿದು ಕೂತು, ಹೆಡ್‌ಲೈಟ್ ಕೂರುವ ಕಡೆ, ಹಾರ್ನಿನ ಕಾಲ ಬಳಿ, ಹ್ಯಾಂಡಲಿನ ಕೆಳಗೆ, ಎಲ್ಲೆಲ್ಲಿ ತಂತಿ ಮೈಗೆ ಸೇರುತ್ತದೋ ಅಲ್ಲೆಲ್ಲ ಹೊಸ ಬಣ್ಣ ಹೆರೆದೆ. ಲೋಹ ಬೆಳ್ಳಗೆ ಕಂಡಿತು. ಜೋಡಿಸಿ ಕಿಕ್ಕರ್ ಒದ್ದೆ. ಹಾರ್ನ್ ಕೂಗಿತು, ಹೆಡ್‌ಲೈಟ್ ಹತ್ತಿತು. ನಾನು ಸಂತೋಷದಿಂದ ಒಂದು ಸಲ ಜೋರಾಗಿ ರೇಸ್ ಮಾಡಿದೆ. ಹೆಡ್‌ಲೈಟ್ ಫಳ್ ಎಂದು ಬೆಳಗಿ ಸುಟ್ಟುಹೋಯಿತು.

ಇದು ಹೊಸದೇನಲ್ಲ. ಹದಿನೈದು ವರ್ಷದಿಂದ ಈ ಗಾಡಿ ಹೆಡ್‌ಲೈಟ್ ಬಲ್ಬು ತಿನ್ನುತ್ತಲೇ ಇದೆ. ಹಳೆಯ ಗಾಡಿಯ ಚಾಳಿ ಎಂದುಕೊಂಡು ನಾನು ಯಾವಾಗಲೂ ಎರಡು ಬಲ್ಬು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಆದರೆ ಗ್ರೌಂಡಿನಲ್ಲಿ ಇನ್ಸ್‌ಪೆಕ್ಟರ್ ಮುಂದೆ ಸುಟ್ಟರೆ ಯಾರು ಕೇಳುತ್ತಾರೆ? ವೋಲ್ಟ್ ಅಳೆಯುವ ಮೀಟರು ತಂದು ಹಿಡಿದೆ. ಆರು ವೋಲ್ಟ್ ಬರಬೇಕಾದ ಕಡೆ, ರೇಸ್ ಮಾಡಿದರೆ ಒಂಬತ್ತು ದಾಟುತ್ತಿತ್ತು. ಕಾಯಿಲ್ ನೋಡಿದೆ, ಕಾಯಿಲ್ ಚೆನ್ನಾಗಿದೆ. ಕಾಯಿಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಗಾದರೆ ತಪ್ಪು ಕರೆಂಟ್ ಹುಟ್ಟುವ ಕಡೆ ಇಲ್ಲ, ಖರ್ಚಾಗುವ ಕಡೆ ಇದೆ. ಇಂಥ ಗಾಡಿಯಲ್ಲಿ ಬಲ್ಬುಗಳು ಒಂದೇ ಪಾತ್ರೆಯಿಂದ ಹಂಚಿ ಉಣ್ಣುವವರ ಹಾಗೆ. ಒಬ್ಬ ಉಣ್ಣದಿದ್ದರೆ ಅವನ ಪಾಲೂ ಇನ್ನೊಬ್ಬನ ಎಲೆಗೇ ಬೀಳುತ್ತದೆ. ಇಲ್ಲಿ ಉಣ್ಣದೆ ಕೂತವನು ಯಾರು ಎಂದು ಹುಡುಕುವ ಅಗತ್ಯವೇ ಇರಲಿಲ್ಲ. ಅಪ್ಪ ಉರಿಯಬಾರದು ಎಂದ ಆ ಹಿಂದೀಪ.

ಹದಿನೈದು ವರ್ಷ ಕೊಟ್ಟ ಮಾತು ಉಳಿಸಿಕೊಂಡಿದ್ದೆ. ಎತ್ತಿದ ಸ್ಕ್ರೂಡ್ರೈವರ್ ಕೆಳಗಿಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಬೋರ್ಡು ನೆನಪಾಯಿತು. ಬಿಚ್ಚಿದೆ.

ಸ್ಕ್ರೂಗಳು ತುಕ್ಕು ಹಿಡಿದು, ಮೇಲೆ ಶಿಜುವಿನ ಬಣ್ಣ ಬೇರೆ. ಸೀಮೆಎಣ್ಣೆ ಬಿಟ್ಟು, ತಟ್ಟಿ, ಅರ್ಧ ಗಂಟೆ ಕುಸ್ತಿ ಆಡಿದ ಮೇಲೆ ಕೆಂಪು ಗಾಜು ಕೈಗೆ ಬಂತು. ಒಳಗೆ ಎರಡು ಬಲ್ಬು. ಒಂದು ಸದಾ ಉರಿಯುವುದು, ಅದರ ತಂತಿ ಕತ್ತರಿಸಿ ಬಿಟ್ಟಿದ್ದರು. ಇನ್ನೊಂದು ಬ್ರೇಕಿನದು. ಅದರ ತಂತಿಯನ್ನು ಕಪ್ಪು ಟೇಪು ಸುತ್ತಿ ಗಾಡಿಯ ಮೈಗೇ ಜೋಡಿಸಿದ್ದರು. ಬ್ರೇಕಿನ ಬಲ್ಬು ಒಳಗಿನಿಂದ ಕಪ್ಪಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಎಳೆ ಕಡಿದಿತ್ತು.

ಸದಾ ಉರಿಯುವುದರ ತಂತಿ ಸೇರಿಸಿದೆ. ಬ್ರೇಕಿನ ತಂತಿಯನ್ನು ಮೈಯಿಂದ ಬಿಡಿಸಿ ಸರಿಯಾದ ಜಾಗಕ್ಕೆ ಹಾಕಿದೆ. ಹೊಸ ಬ್ರೇಕ್ ಬಲ್ಬು ಕೈಯಲ್ಲಿರಲಿಲ್ಲ, ಹಳೆಯದು ಅಲ್ಲೇ ಕೂತಿತ್ತು. ಮುಂದೆ ಹೊಸ ಬಲ್ಬು ಹಾಕಿ ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ. ಹೆಡ್‌ಲೈಟ್ ಸುಡಲಿಲ್ಲ. ಹಿಂದೆ ಕೆಂಪು ಹತ್ತಿತು. ಬ್ರೇಕ್ ಸ್ವಿಚ್ ಕೆಲಸ ಮಾಡುತ್ತಿದೆಯೇ ನೋಡೋಣ ಎಂದು ಕಾಲಿನ ಬ್ರೇಕ್ ತುಳಿದೆ. ಎಂಜಿನ್ ಸತ್ತಿತು.

ಪ್ಲಗ್ಗಿನ ತೊಂದರೆ ಇರಬೇಕು ಎಂದುಕೊಂಡೆ. ಒದ್ದೆ, ಒಂದೇ ಒದೆತಕ್ಕೆ ಹತ್ತಿತು. ಬ್ರೇಕ್ ತುಳಿದೆ, ಸತ್ತಿತು. ಮತ್ತೆ ಒದ್ದೆ, ಹತ್ತಿತು. ತುಳಿದೆ, ಸತ್ತಿತು. ನಾಲ್ಕನೇ ಸಲ ಒದೆಯಲು ಎತ್ತಿದ ಕಾಲು ಹಾಗೇ ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಾಡಿಯನ್ನು ಮಾಡಿದವರು ಬ್ರೇಕ್ ದೀಪಕ್ಕೆ ಬೇರೆ ಕರೆಂಟ್ ಕೊಟ್ಟಿಲ್ಲ. ಎಂಜಿನ್ನಿನ ಕಿಡಿ ಹುಟ್ಟಿಸುವ ಕರೆಂಟನ್ನೇ ಬಳಸಿಕೊಂಡಿದ್ದಾರೆ. ಸುಮ್ಮನೆ ಓಡುವಾಗ ಆ ಕರೆಂಟ್ ಬ್ರೇಕ್ ಸ್ವಿಚ್ಚಿನ ಮೂಲಕ ಮೈ ಸೇರುತ್ತದೆ. ಬ್ರೇಕ್ ತುಳಿದರೆ ಆ ದಾರಿ ಮುಚ್ಚಿ, ಬಲ್ಬಿನೊಳಗಿಂದ ಹಾದು ಹೋಗಬೇಕು. ಹೋಗುವಾಗ ಬಲ್ಬು ಉರಿಯುತ್ತದೆ. ಬಲ್ಬಿನ ಎಳೆ ಕಡಿದಿದ್ದರೆ ಆ ದಾರಿಯೂ ಇಲ್ಲ. ಕಿಡಿ ಇಲ್ಲ, ಎಂಜಿನ್ ಇಲ್ಲ. ಕಾಲು ತೆಗೆದರೆ ಒಂದೇ ಒದೆತಕ್ಕೆ ಹತ್ತುತ್ತದೆ, ಕಾಲು ಇಟ್ಟರೆ ಸಾಯುತ್ತದೆ. ಇದರಲ್ಲಿ ಕ್ಲಚ್ಚಿಗೆ ಯಾವ ಕೆಲಸವೂ ಇಲ್ಲ.

ಅಪ್ಪ ಜಗುಲಿಗೆ ಬಂದಿದ್ದ. ಕೆಂಪು ಬೆಳಕು ಅವನ ಕಣ್ಣಿಗೆ ಬಿದ್ದಿತ್ತೋ ಏನೋ, ಎಂದೂ ದನಿ ಎತ್ತದ ಮನುಷ್ಯ ಅಂದು ಎತ್ತಿದ.

"ಮುಚ್ಚು ಅದ. ಬಿಚ್ಚಬ್ಯಾಡ ಅಂತ ಯೋಳಿರಲಿಲ್ವಾ ನಿಂಗೆ?"

ಮುಚ್ಚುತ್ತೇನೆ, ಒಂದು ಮಾತು ಕೇಳುತ್ತೇನೆ, ಹೇಳು ಎಂದೆ. ಆ ದಿನ ಎಂಜಿನ್ ನಿಂತದ್ದು ಹೇಗೆ? ಅಪ್ಪ ಒಳಗೆ ಹೋಗಲು ತಿರುಗಿದ. ನಾನು ಅಡ್ಡ ನಿಂತೆ. ಅಪ್ಪನಿಗೆ ನಾನು ಎಂದೂ ಅಡ್ಡ ನಿಂತವಳಲ್ಲ. ಊರು ಹೇಳುವುದು ಬೇಡ, ನಿನ್ನ ಕಾಲು ಏನು ಮಾಡಿತು, ಕೈ ಏನು ಮಾಡಿತು ಅದನ್ನು ಹೇಳು ಎಂದೆ.

ಅಪ್ಪ ಜಗುಲಿಯ ಅಂಚಿಗೆ ಕೂತು ಹೇಳಿದ. ಬ್ರೇಕ್ ತುಳಿದ ಕೂಡಲೇ ಗಾಡಿ ಸತ್ತಿತು. ಕ್ಲಚ್ ಹಿಡಿದೇ ಇದ್ದೆ. ಕೈಬ್ರೇಕ್ ಹಿಡಿದು ಒದ್ದೆ, ಹತ್ತಿತು. ಇಳಿಜಾರು, ಮೂಟೆಯ ಭಾರ, ಗಾಡಿ ಆನೆಯ ಕಡೆಗೇ ಜಾರುತ್ತಿತ್ತು, ಕಾಲಿನ ಬ್ರೇಕ್ ತುಳಿಯಲೇಬೇಕು. ತುಳಿದೆ, ಸತ್ತಿತು. ಮೂರು ಸಲ ಹತ್ತಿತು, ಮೂರು ಸಲ ಸತ್ತಿತು. ಜನಕ್ಕೆ ಹೇಳಿದರೆ, ಹೆದರಿದವನಿಗೆ ಏನೇನೋ ಅನ್ನಿಸುತ್ತದೆ ಎಂದು ನಕ್ಕರು.

ಕೆಂಪು ದೀಪದ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. ಗಾಡಿಯನ್ನು ಮೇಲ್ಮುಖ ತಿರುಗಿಸಿದೆವು, ಆಗ ಹಿಂಭಾಗ ಆನೆಯ ಕಡೆ ಬಂತು, ಗಾಡಿ ಜಾರದಿರಲಿ ಎಂದು ನಾನು ಬ್ರೇಕ್ ತುಳಿದೇ ಇದ್ದೆ, ಕೆಂಪು ದೀಪ ಅದರ ಮುಖಕ್ಕೇ ಹೊಡೆದಿರುತ್ತದೆ, ಆಗಲೇ ಅದು ನುಗ್ಗಿದ್ದು ಎಂದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ.

"ಕ್ಲಚ್ ಬಿಟ್ಟೆ ಅಂತಾರೆ. ಅಂದ್ಕೊಳ್ಳಲಿ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು ಅಂತ ನಂಗೊಬ್ಬಂಗೇ ಗೊತ್ತು. ಆನೇನ ಕರ್ದವ್ನೇ ನಾನು."

ಮೂವತ್ಮೂರು ವರ್ಷ ಈ ಮನುಷ್ಯ ಹೊತ್ತುಕೊಂಡಿದ್ದು ಇದನ್ನು. ನನಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಎಲ್ಲರ ಮೇಲೂ.

ಆ ದೀಪ ಮುಚ್ಚಿಸಿದ್ದು ಯಾರ ಕೈಯಲ್ಲಿ ಎಂದು ಕೇಳಿದೆ. ಗಾಡಿಯನ್ನು ಚರಂಡಿಯಿಂದ ಎತ್ತಿ ತಂದ ಮೇಕಾನಿಕ್ಕಿಗೆ, ಕೆಂಪು ಇನ್ನು ಉರಿಯಬಾರದು ಎಂದೆ, ಅವನು ಏನೋ ಮಾಡಿ ಮುಚ್ಚಿದ, ನಾನು ನೋಡಲಿಲ್ಲ ಎಂದ. ಆ ಪುಣ್ಯಾತ್ಮ ಬಲ್ಬು ಸುಟ್ಟದ್ದನ್ನು ಕಂಡಿದ್ದಾನೆ, ಎಂಜಿನ್ ಸಾಯದಿರಲಿ ಎಂದು ತಂತಿಯನ್ನು ಮೈಗೆ ಕಟ್ಟಿದ್ದಾನೆ, ಗಾಜು ಮುಚ್ಚಿ ಕೈ ತೊಳೆದುಕೊಂಡಿದ್ದಾನೆ. ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಅವನೂ ಸತ್ತು ಇಪ್ಪತ್ತು ವರ್ಷವಾಯಿತು, ಈಗ ಬೈದು ಪ್ರಯೋಜನವಿಲ್ಲ. ಆದರೂ ಬೈದೆ.

ಅಪ್ಪನ ಕೈ ಹಿಡಿದು ಗಾಡಿಯ ಹಿಂದೆ ಕೂರಿಸಿ ಕಪ್ಪಾದ ಬಲ್ಬು ತೋರಿಸಿದೆ. ಆ ಮೇಕಾನಿಕ್ ಮುಚ್ಚಿದ ಮೇಲೆ ಈ ಗಾಜು ಯಾರೂ ತೆಗೆದಿಲ್ಲ. ಬ್ರೇಕಿನ ಕೆಂಪು ಆ ಬೆಳಿಗ್ಗೆ ಉರಿಯಲೇ ಇಲ್ಲ ಅಪ್ಪ, ಎಂಜಿನ್ ಸತ್ತಾಗ ಇನ್ನೊಂದು ದೀಪವೂ ಆರಿರುತ್ತದೆ, ಬ್ರೇಕಿನದು ಉರಿದಿದ್ದರೆ ಎಂಜಿನ್ ಸಾಯುತ್ತಿರಲಿಲ್ಲ, ನೀವು ಹೊರಟುಹೋಗಿರುತ್ತಿದ್ದಿರಿ ಎಂದೆ. ಸ್ಟಾರ್ಟ್ ಮಾಡಿ ಅವನ ಕಾಲನ್ನೇ ಬ್ರೇಕಿನ ಮೇಲೆ ಇಡಿಸಿದೆ. ಎಂಜಿನ್ ಸತ್ತಿತು. ಮತ್ತೆ ಮಾಡಿಸಿದೆ, ಮತ್ತೆ ಸತ್ತಿತು. ಮೂರನೇ ಸಲ ಅಪ್ಪ ಕಾಲು ಎತ್ತಲಿಲ್ಲ. ಹಾಗೇ ತುಳಿದುಕೊಂಡು ನಿಂತಿದ್ದ.

ಈಗಲೇ ಊರಿಗೆಲ್ಲ ಹೇಳುತ್ತೇನೆ ಎಂದು ಹೊರಟೆ. ಅಪ್ಪ ಬೇಡ ಎಂದ. ಅಚ್ಯುತನ್‌ನ ಹೆಂಡತಿ ಕಾರ್ತ್ಯಾಯನಿ ಬದುಕಿರುವವರೆಗೆ ಬೇಡ, ಅವಳ ಗಾಯ ಕೆದಕುವುದು ಬೇಡ ಎಂದ. ಅಂಗಳದಲ್ಲಿ ಹೆಣ ಮಲಗಿಸಿದ್ದಾಗ, ಹೆದರಿ ಕ್ಲಚ್ ಬಿಟ್ಟೆ ಎಂದು ಮೊದಲು ಕೂಗಿದವಳು ಅವಳೇ. ಅಪ್ಪ ಹೊಸದಾಗಿ ಓಡಿಸಲು ಕಲಿತವನು, ಕ್ಲಚ್ ಬೇಗ ಬಿಡುತ್ತಾನೆ ಎಂದು ಅಚ್ಯುತನ್ ಮನೆಯಲ್ಲಿ ತಮಾಷೆ ಮಾಡುತ್ತಿದ್ದನಂತೆ. ಅವಳಿಗೆ ಅದು ನೆನಪಿತ್ತು. ಆಮೇಲೆ ಅವಳು ಪಯ್ಯಂಪಳ್ಳಿಯ ತವರಿನ ಪಾಲಿನ ಜಾಗಕ್ಕೆ ಹೋದಳು. ಅಪ್ಪನ ಜೊತೆ ಒಂದು ಮಾತೂ ಇಲ್ಲ. ನಾನು ಮಾತ್ರ ಎರಡು ಸಲ ಅವಳ ಪಂಪು ರಿಪೇರಿ ಮಾಡಿದ್ದೇನೆ, ಯಾರ ಮಗಳು ಎಂದು ಗೊತ್ತಿದ್ದೂ ಚಾಯ ಕೊಟ್ಟಿದ್ದಾಳೆ.

ಬುಧವಾರ ಮಾನಂತವಾಡಿಯ ಅಂಗಡಿಗಳನ್ನೆಲ್ಲ ಸುತ್ತಿ ಸರಿಯಾದ ಬ್ರೇಕ್ ಬಲ್ಬು ತಂದು ಹಾಕಿದೆ. ಗುರುವಾರ ಗಾಡಿಯ ಯಜಮಾನ ಬರಲೇಬೇಕೆಂದು ಅಪ್ಪನನ್ನು ಹಿಂದೆ ಕೂರಿಸಿಕೊಂಡೆ. ಅವನು ಬರಲೇಬೇಕಾಗಿರಲಿಲ್ಲ, ನಾನು ಹಾಗೆ ಹೇಳಿದೆ, ಅಷ್ಟೇ. ಕಾಡಿನ ದಾರಿಗೆ ಬಂದಾಗ ಅಪ್ಪನ ಬೆರಳುಗಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದವು. ಬ್ರೇಕ್ ತುಳಿಯಬೇಡ ಎಂದ. ತುಳಿಯಬೇಕಾದ ಕಡೆಯಲ್ಲೆಲ್ಲ ತುಳಿದೆ.

ಗ್ರೌಂಡಿನಲ್ಲಿ ಸಿದ್ದೇಶ ಆಗಲೇ ಬಂದು ನಿಂತಿದ್ದ, ಫೇಲಾಗುವುದನ್ನು ಕಣ್ಣಾರೆ ನೋಡಲು. ಇನ್ಸ್‌ಪೆಕ್ಟರ್ ಅಂಜನ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಇಂಥ ಗಾಡಿಯನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಾಸಿ ನಂಬರ್ ನೋಡಿದಳು, ಹಾರ್ನ್ ಒತ್ತಿಸಿದಳು. ಹೆಡ್‌ಲೈಟ್ ಹಾಕಿಸಿ ಅಂಗೈ ಅಡ್ಡ ಹಿಡಿದಳು. ಎಂಜಿನ್ ಮೆಲ್ಲಗೆ ತಿರುಗುತ್ತಿದ್ದಾಗ ಬೆಳಕು ಮಿಣುಮಿಣು ಎನ್ನುತ್ತಿತ್ತು. ಬ್ಯಾಟರಿ ಹೋಗಿದೆ, ಬದಲಾಯಿಸಿ ತನ್ನಿ ಎಂದು ಪೇಪರಿನಲ್ಲಿ ಬರೆಯಲು ಪೆನ್ನು ತೆಗೆದಳು. ಸಿದ್ದೇಶ ನಿಟ್ಟುಸಿರು ಬಿಟ್ಟ.

"ಬರೀಬೇಡಿ ಮೇಡಂ. ಇದಕ್ಕೆ ಬ್ಯಾಟರಿ ಇಲ್ಲ, ಮಾಡಿದವರೇ ಇಟ್ಟಿಲ್ಲ. ಓಡಿದರೆ ಬೆಳಕು, ನಿಂತರೆ ಕತ್ತಲೆ. ನೀವು ಓಡೋ ಗಾಡಿಗೆ ಬೆಳಕು ಇದೆಯಾ ಅಂತ ನೋಡಬೇಕೋ, ನಿಂತ ಗಾಡಿಗೋ?"

ಮಲಯಾಳದಲ್ಲಿ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಹೆಚ್ಚಾಯಿತು, ಸುತ್ತ ನಿಂತವರು ತಿರುಗಿ ನೋಡಿದರು. ಹುಡುಗಿ ಸಿಟ್ಟಾಗಲಿಲ್ಲ. ಬ್ಯಾಟರಿ ಇಲ್ಲದ್ದನ್ನು ತೋರಿಸಿ ಎಂದಳು. ಪಕ್ಕದ ಮುಚ್ಚಳ ತೆಗೆದು ತೋರಿಸಿದೆ. ಕೂತು ಬಗ್ಗಿ ನೋಡಿದಳು, ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು, ಹೇಳಿದೆ. ರೇಸ್ ಮಾಡಿ ಎಂದಳು. ಮಾಡಿದೆ. ಹಾಡುಹಗಲಿನಲ್ಲೂ ಅವಳ ಅಂಗೈ ಬೆಳ್ಳಗೆ ಬೆಳಗಿತು. ಬಲ್ಬು ಸುಡಲಿಲ್ಲ. ಹಿಂದೆ ಹೋಗಿ ನಿಂತು ಬ್ರೇಕ್ ಎಂದಳು. ತುಳಿದೆ. ಕೆಂಪು ಹತ್ತಿತು, ಎಂಜಿನ್ ಓಡುತ್ತಲೇ ಇತ್ತು. ಬಾವಲಿಯ ಗಾಡಿಗಳಲ್ಲಿ ಹಿಂದೀಪ ಉರಿಯುವುದನ್ನು ನಾನು ನೋಡಿದ್ದು ಇದೇ ಮೊದಲು ಎಂದು ನಕ್ಕು ಸಹಿ ಹಾಕಿದಳು. ಅಪ್ಪ ಬೇರೆ ಕಡೆ ಮುಖ ತಿರುಗಿಸಿಕೊಂಡ.

ಸಿದ್ದೇಶ ಹತ್ತಿರ ಬಂದು, ಗೆದ್ದೆಯಲ್ಲ, ಇಟ್ಟುಕೋ ಎಂದ. ಆದರೆ ಕಥೆ ಹೋಗುವುದಿಲ್ಲ ಅಕ್ಕ, ಗಾಡಿ ಕೊಡದಿದ್ದರೂ ಅವರು ಬೋರ್ಡು ಹಾಕುತ್ತಾರಂತೆ, ಯಾವುದಾದರೂ ಹಳೆಯ ಗಾಡಿ ತಂದು ನಿಲ್ಲಿಸುತ್ತಾರಂತೆ ಎಂದ. ಬ್ರೇಕ್ ದೀಪದ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನೀನು ಮಗಳು, ನೀನು ಹೇಳಿದರೆ ಯಾರು ನಂಬುತ್ತಾರೆ ಎಂದ. ನಿನಗೆ ನಂಬಿಕೆಯಿದೆಯಾ ಎಂದು ಕೇಳಿದೆ. ಅವನು ಬಸ್ಸಿನ ಕಡೆ ನಡೆದ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಾನು ಊರೆಲ್ಲ ಡಂಗುರ ಹೊಡೆದರೂ ಕ್ಲಚ್ಚಿನ ಮಗಳ ಮಾತು ಅದು. ಈ ಕಥೆಯನ್ನು ಹುಟ್ಟಿಸಿದವಳು ಒಬ್ಬಳೇ ಒಬ್ಬಳು. ಅಳಿಸುವುದಿದ್ದರೂ ಅವಳೇ ಅಳಿಸಬೇಕು.

ವಾಪಸು ಬರುವಾಗ ಮನೆಯ ದಾರಿ ಬಿಟ್ಟು ಪಯ್ಯಂಪಳ್ಳಿಯ ಕಡೆ ತಿರುಗಿಸಿದೆ. ಅಪ್ಪನಿಗೆ ಅರ್ಥವಾಗಲು ಎರಡು ತಿರುವು ಬೇಕಾಯಿತು. ಇಳಿಸು ನನ್ನ ಎಂದ. ಇಳಿಸಲಿಲ್ಲ. ಗಾಡಿ ಓಡುತ್ತಿರುವಾಗ ಎಪ್ಪತ್ತಾರರ ಮುದುಕ ಹಾರಲಾರ ಎಂಬುದು ನನ್ನ ಧ್ಯಾನದಲ್ಲಿತ್ತು.

ಕಾರ್ತ್ಯಾಯನಿ ಅಂಗಳದಲ್ಲಿ ಕೊಟ್ಟಡಕೆ ಹರಡುತ್ತಿದ್ದಳು. ನನ್ನನ್ನು ನೋಡಿ ನಗಲು ಹೋದವಳು ಹಿಂದೆ ಯಾರೆಂದು ಕಂಡು ನಿಂತಳು. ಅಪ್ಪ ಇಳಿದು ಗಾಡಿಯ ಆಚೆ ಮರೆಯಾಗಿ ನಿಂತ. ಅವಳು ಒಳಗೆ ಹೋಗುವ ಮುಂಚೆ ನಾನು ಮಾತು ಶುರು ಮಾಡಿದೆ. ಚೇಚಿ, ಐದು ನಿಮಿಷ ಕೊಡಿ, ನಿಮ್ಮ ಪಂಪಿನ ಮೋಟಾರು ಬಿಚ್ಚಿ ತೋರಿಸಿದೆನಲ್ಲ, ಹಾಗೆ ಇದನ್ನೂ ತೋರಿಸುತ್ತೇನೆ, ಆಮೇಲೆ ಬೈದು ಕಳಿಸಿ ಎಂದೆ.

ಅವಳ ಎದುರೇ ಕೆಂಪು ಗಾಜು ತೆಗೆದೆ. ಹೊಸ ಬಲ್ಬು ಇದ್ದ ಹಾಗೇ ಸ್ಟಾರ್ಟ್ ಮಾಡಿ, ನೀವೇ ತುಳಿಯಿರಿ ಎಂದೆ. ಅವಳು ಕೈಯಲ್ಲಿದ್ದ ಅಡಕೆ ಕೆಳಗೆ ಹಾಕಿದಳು. ಆಮೇಲೆ ಬಂದು, ಉಟ್ಟ ಮುಂಡು ಸ್ವಲ್ಪ ಎತ್ತಿಕೊಂಡು, ಬರಿಗಾಲಿನಿಂದ ತುಳಿದಳು. ಕೆಂಪು ಹತ್ತಿತು, ಎಂಜಿನ್ ಓಡಿತು. ಹೊಸದನ್ನು ತೆಗೆದು ಆ ಕಪ್ಪಾದ ಬಲ್ಬು ಹಾಕಿದೆ. ಇದು ಆ ಬೆಳಿಗ್ಗೆ ಇದರೊಳಗಿದ್ದ ಬಲ್ಬು, ಮೊನ್ನೆಯವರೆಗೆ ಯಾರೂ ತೆಗೆದಿರಲಿಲ್ಲ, ಈಗ ತುಳಿಯಿರಿ ಎಂದೆ. ತುಳಿದಳು. ಎಂಜಿನ್ ಸತ್ತಿತು. ನಾನು ಒದ್ದೆ, ಹತ್ತಿತು. ಹೇಳದೆಯೇ ಅವಳು ಮತ್ತೆ ತುಳಿದಳು. ಸತ್ತಿತು. ಆರು ಸಲವೋ ಏಳು ಸಲವೋ. ಕ್ಲಚ್ ಯಾವುದು ಎಂದು ಕೇಳಿದಳು, ತೋರಿಸಿದೆ. ಅದನ್ನು ಬಿಗಿಯಾಗಿ ಹಿಡಿದುಕೊಂಡು ಇನ್ನೊಮ್ಮೆ ತುಳಿದಳು. ಆಗಲೂ ಸತ್ತಿತು.

ಹ್ಯಾಂಡಲಿನಿಂದ ಕೈ ತೆಗೆಯದೆ, ತಲೆ ಎತ್ತದೆ, ಅಪ್ಪನನ್ನು ಕೇಳಿದಳು. ಅವಳಿಗೆ ಬರುವ ಬಾವಲಿ ಕನ್ನಡದಲ್ಲೇ ಕೇಳಿದಳು.

"ಅಚ್ಯುತೇಟ್ಟನ್ ಯಾಕೆ ಓಡಿದ್ರು? ನಿನ್ನ ಬಿಟ್ಟು ಓಡೋರಲ್ಲ ಅವರು. ಊರೆಲ್ಲ ಓಡಿದ ಅಂದಾಗ ನಂಗೆ ನಾಚಿಕೆ ಆಯ್ತು. ಆ ನಾಚಿಕೆಗೇ ನಿನ್ನ ಬೈದೆ."

"ಓಡಲಿಲ್ಲ ಕಾರ್ತ್ಯಾಯನಿ. ಊರು ಅಂದದ್ದು ಸುಳ್ಳು. ಗಾಡಿ ತಿರುಗಿಸಿಕೊಟ್ಟು ಹಿಂದಿಂದ ತಳ್ತಾ ಇದ್ದ. ನೀನು ಒದೀತಾ ಇರು, ನಾನು ತಳ್ತೀನಿ ಅಂದ. ಕೈ ಬಿಡಲೇ ಇಲ್ಲ."

"ಯಾಕೆ ಹೇಳಲಿಲ್ಲ ನೀನು?"

"ನೀನು ಎಲ್ಲಿ ಹೇಳೋಕೆ ಬಿಟ್ಟೆ."

ಅವಳು ಕೊಟ್ಟಡಕೆಯ ಪಕ್ಕ ನೆಲದ ಮೇಲೇ ಕೂತಳು. ಸದ್ದು ಮಾಡದೆ ಅತ್ತಳು, ಮುಖ ಮುಚ್ಚಿಕೊಳ್ಳಲಿಲ್ಲ. ಅಪ್ಪ ಗಾಡಿಯ ಈಚೆ ಬಂದ. ಹತ್ತಿರ ಹೋಗುವ ಧೈರ್ಯ ಅವನಿಗಿರಲಿಲ್ಲ, ದೂರ ಹೋಗುವ ಮನಸ್ಸೂ ಇರಲಿಲ್ಲ, ಅಡಕೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. ನಾನು ಸುಮ್ಮನಿರಲಾರದೆ ಬಲ್ಬು ಬದಲಾಯಿಸಿದೆ, ಗಾಜು ಕೂರಿಸಿದೆ, ಸ್ಕ್ರೂ ಬಿಗಿದೆ.

ಸುಟ್ಟ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಲು ಹೋದಾಗ ಅವಳು ಕೈ ಚಾಚಿದಳು. ಕೊಟ್ಟೆ. ನೋಡಿ ವಾಪಸು ಕೊಡುತ್ತಾಳೆ ಎಂದುಕೊಂಡೆ. ಮುಂಡಿನ ತುದಿಗೆ ಗಂಟು ಹಾಕಿಕೊಂಡಳು. ಅದು ನನಗೆ ಬೇಕು ಚೇಚಿ, ಸಾಕ್ಷಿ ಅದೊಂದೇ, ರೆಸಾರ್ಟಿನವರಿಗೆ, ಬಾವಲಿಯವರಿಗೆ, ನನ್ನ ತಮ್ಮನಿಗೆ ಎಲ್ಲರಿಗೂ ತೋರಿಸಬೇಕು ಎಂದೆ.

"ಇದು ಇಲ್ಲೇ ಇರಲಿ ಮೋಳೆ, ಮಗಳೇ. ಯಾರ್‍ಯಾರಿಗೆ ತೋರಿಸಬೇಕೋ ಅವರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಾ. ನಾನು ಹೇಳ್ತೀನಿ."

ಮರುದಿನ ಬೆಳಿಗ್ಗೆ ಮೊದಲು ಕರೆದುಕೊಂಡು ಹೋದದ್ದು ಸಿದ್ದೇಶನನ್ನು. ಬರುವುದಿಲ್ಲ ಎಂದ. ಗಾಡಿ ಸ್ಟಾರ್ಟ್ ಮಾಡಿ, ಹಿಂದೆ ಕೂತುಕೋ ಎಂದೆ.